ಒಂಬತ್ತು ಸಲ ಹೋಗಿ ಮಾತಾಡಿಸೋಕೆ ಹಣ ಕೇಳಿದ್ದು

ಡಿಸ್ಚಾರ್ಜ್ ಕಾರ್ಡಿನ ಕೊನೇ ಸಾಲು ನನಗೆ ಬಾಯಿಪಾಠ ಆಗಿಬಿಟ್ಟಿದೆ. "ಒಂದು ವಾರದ ನಂತರ ಸೈಕಿಯಾಟ್ರಿ ಓಪಿಡಿಗೆ ಬರುವುದು." ಸಾಯಬೇಕು ಅಂತ ಹೊರಟು, ಐಸಿಯುನಲ್ಲಿ ದಿನಗಟ್ಟಲೆ ಇದ್ದು, ಬದುಕಿ ಮನೆಗೆ ಹೊರಟ ಪ್ರತಿಯೊಬ್ಬರ ಕಾರ್ಡಿನಲ್ಲೂ ಅದೇ ಸಾಲು. ವಾಪಸ್ ಬರುವವರು ಬೆರಳೆಣಿಕೆ. ಯಾಕೆ ಬರಲ್ಲ ಅಂತ ತಿಳಿಯೋಕೆ ದೊಡ್ಡ ಅಧ್ಯಯನ ಬೇಕಾಗಿಲ್ಲ. ಕೆ.ಆರ್.ಪೇಟೆ ಕಡೆಯ ಹಳ್ಳಿಯಿಂದ ಮೈಸೂರಿಗೆ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು, ಆ ಮಾನಸಿಕ ಚಿಕಿತ್ಸೆಯ ಓಪಿಡಿ ಬಾಗಿಲಲ್ಲಿ ಕೂತಿರುವಾಗ ಊರಿನವರು ಯಾರಾದರೂ ಕಂಡುಬಿಟ್ಟರೆ ಅನ್ನೋ ಭಯ ಬೇರೆ.

ನಾನು ಮೈಸೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿದ್ದೇನೆ. ಹುಟ್ಟೂರು ಮಂಡ್ಯ ಜಿಲ್ಲೆ, ಮನೆಯಲ್ಲಿ ಕಬ್ಬು, ಭತ್ತ. ಆತ್ಮಹತ್ಯೆ ತಡೆಯುವ ಒಂದು ಅಧ್ಯಯನಕ್ಕೆ ಹಣ ಕೇಳಿ, ಒಂದು ಸಲ ತಿರಸ್ಕಾರ ಆಗಿ, ಎರಡನೇ ಸಲ ಸಿಕ್ಕಿದ ಕಥೆ ಇದು. ಇದೇ ದಾರಿಯಲ್ಲಿ ಹೋಗಬೇಕು ಅಂತಿರುವವರು ನನಗೆ ಆಗಾಗ ಫೋನ್ ಮಾಡಿ ಕೇಳುತ್ತಾರೆ, ಒಬ್ಬೊಬ್ಬರಿಗೂ ಅರ್ಧ ಅರ್ಧ ಹೇಳುವ ಬದಲು ಪೂರ್ತಿ ಬರೆದುಬಿಡೋಣ ಅನಿಸಿತು.

2015ರಿಂದ ಶುರು ಮಾಡಬೇಕು. ಆ ವರ್ಷ ಮಂಡ್ಯದಲ್ಲಿ ರೈತರ ಆತ್ಮಹತ್ಯೆ ಸಾಲುಸಾಲಾಗಿ ನಡೆಯಿತು. ಸಕ್ಕರೆ ಬೆಲೆ ಬಿದ್ದಿತ್ತು, ಕಬ್ಬಿನ ಬಾಕಿ ಬಂದಿರಲಿಲ್ಲ, ಮಳೆ ಕೈಕೊಟ್ಟಿತ್ತು. ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾಗಿದ್ದು 1933ರಲ್ಲಿ. ನಮ್ಮಪ್ಪನ ತಲೆಮಾರಿಗೆ ಕಾರ್ಖಾನೆ ಹೊಗೆ ಕಂಡರೆ ಮಗಳ ಮದುವೆಗೆ ದಿನ ಗೊತ್ತು ಮಾಡುವಷ್ಟು ಧೈರ್ಯ. ಆ ಧೈರ್ಯ ಆ ವರ್ಷ ಇರಲಿಲ್ಲ. ಸಾಲ ಒಂದೇ ಕಾರಣ ಅಂತ ನಾನು ಹೇಳಲ್ಲ, ಸಾಲ ಇರುವ ಮನೆಗಳು ಲಕ್ಷಾಂತರ ಇವೆ, ಎಲ್ಲರೂ ಹಾಗೆ ಮಾಡಿಕೊಳ್ಳುವುದಿಲ್ಲ. ಕುಡಿತ, ಮನೆಯೊಳಗಿನ ಮಾತು, ಗೊತ್ತಾಗದೇ ಉಳಿದ ಖಿನ್ನತೆ, ಬೆನ್ನು ನೋವು, ಅವಮಾನ, ಎಲ್ಲ ಸೇರಿ ಒಂದು ರಾತ್ರಿ ತಡೆಯಲಾರದಷ್ಟು ಆಗುತ್ತೆ. ಆ ರಾತ್ರಿ ದಾಟಿದವರಲ್ಲಿ ಬಹಳಷ್ಟು ಜನ ಬದುಕುತ್ತಾರೆ. ಅದೇ ನನ್ನನ್ನು ಹಿಡಿದು ಕೂರಿಸಿದ ವಿಷಯ.

ನನ್ನ ಮೊದಲ ಪ್ರಪೋಸಲ್ ಪೆಟ್ಟಿಗೆಗಳ ಬಗ್ಗೆ. ಹಳ್ಳಿ ಮನೆಗಳಲ್ಲಿ ಕೀಟನಾಶಕದ ಬಾಟಲಿ ಕೈಗೆಟುಕುವ ಜಾಗದಲ್ಲೇ ಇರುತ್ತೆ, ಹಟ್ಟಿಯ ಸೂರಿನಲ್ಲಿ ಕುಡುಗೋಲಿನ ಪಕ್ಕ ಸಿಕ್ಕಿಸಿರುತ್ತಾರೆ. ಮನೆಮನೆಗೂ ಬೀಗ ಇರುವ ಪೆಟ್ಟಿಗೆ ಕೊಟ್ಟರೆ, ಆ ಕೆಟ್ಟ ಗಳಿಗೆಯಲ್ಲಿ ಕೈಗೆ ಸಿಗುವುದು ತಡವಾಗುತ್ತೆ, ಅಷ್ಟರಲ್ಲಿ ಮನಸ್ಸು ಬದಲಾಗಬಹುದು. ಯೋಚನೆ ನೇರವಾಗಿತ್ತು. ಬರೆಯುವ ಮುಂಚೆ ಪಾಂಡವಪುರ ಕಡೆಯ ಎರಡು ಊರಿಗೆ ಹೋಗಿ ಮಾತಾಡಿಸಿದೆ. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಜಗುಲಿ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನಾನು ಪೆಟ್ಟಿಗೆ ವಿಷಯ ಎಲ್ಲ ಹೇಳಿದ ಮೇಲೆ ಕೈ ನಿಲ್ಲಿಸದೇ ಕೇಳಿದರು.

"ಬೀಗ ಸರಿ ಕಣವ್ವ. ಬೀಗದ ಕೈ ಯಾರ್ ತಾವ ಇರ್ಬೇಕು?"

"ಮನೆ ಯಜಮಾನರ ಹತ್ರ ಅಜ್ಜಿ."

"ಕುಡ್ಕಂಡ್ ಬಂದು ಸಾಯ್ತೀನಿ ಅನ್ನೋನೇ ಯಜಮಾನ. ಇನ್ನ ಯಾರ್ ತಾವ ಮಡಗಾನ?"

ನಾನು ನಗಲಿಲ್ಲ, ಆದರೆ ಉತ್ತರವನ್ನೂ ಕೊಡಲಿಲ್ಲ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಪ್ರಪೋಸಲ್ಲಿನಲ್ಲಿ ಬರೆಯಲಿಲ್ಲ. ಆ ಮನೆಯಿಂದ ಹೊರಡುವಾಗ ನೋಡಿದೆ, ಅವರ ಮನೆಯ ಎಲ್ಲ ಬೀಗದ ಕೈಗಳೂ ಬಾಗಿಲ ಪಕ್ಕದ ಒಂದೇ ಮೊಳೆಗೆ ನೇತು ಹಾಕಿದ್ದವು.

ಸಂಶೋಧನೆಗೆ ಹಣ ಕೊಡುವ ದೆಹಲಿಯವರಿಗೆ ಅರ್ಜಿ ಹಾಕಿದ್ದು 2022ರ ಶುರುವಿನಲ್ಲಿ. ಪೋರ್ಟಲ್, ಪಾಸ್‌ವರ್ಡ್, ಇಷ್ಟೇ ಅಕ್ಷರದಲ್ಲಿ ಸಾರಾಂಶ, ಎಲ್ಲರ ಬಯೋಡೇಟಾ, ಕಾಲೇಜಿನ ಫಾರ್ವರ್ಡಿಂಗ್ ಪತ್ರ. ಅದರ ಬಗ್ಗೆ ಜಾಸ್ತಿ ಹೇಳಲ್ಲ, ಒಂದು ಮಾತು ಮಾತ್ರ: ಫಾರ್ವರ್ಡಿಂಗ್ ಪತ್ರಕ್ಕೆ ಕೊನೇ ದಿನಕ್ಕಿಂತ ಮೂರು ವಾರ ಮುಂಚೆಯೇ ಫೈಲ್ ಇಡಿ. ನಾನು ಒಂದು ವಾರ ಮುಂಚೆ ಇಟ್ಟು, ಸಹಿ ಮಾಡಬೇಕಾದವರು ಊರಲ್ಲಿ ಇಲ್ಲದೇ, ಕೊನೇ ದಿನ ಸಂಜೆ ಐದಕ್ಕೆ ಸ್ಕ್ಯಾನ್ ಮಾಡಿ ಹಾಕಿದೆ.

ಎಂಟು ತಿಂಗಳ ಮೇಲೆ ಉತ್ತರ ಬಂತು. ಆಯ್ಕೆ ಆಗಿಲ್ಲ. ಜೊತೆಗೆ ಅರ್ಜಿ ಓದಿ ತೂಗಿದ ಇಬ್ಬರು ರಿವ್ಯೂವರ್‌ಗಳ ಟಿಪ್ಪಣಿ. ಎರಡು ದಿನ ಅದನ್ನು ತೆರೆಯಲಿಲ್ಲ. ತೆರೆದ ಮೇಲೆ ಮೂರು ಸಲ ಓದಿದೆ. ಇಬ್ಬರೂ ಹೇಳಿದ್ದು ಸರಿ ಇತ್ತು.

ಮೊದಲನೆಯವರದ್ದು ಲೆಕ್ಕದ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಆತ್ಮಹತ್ಯೆ ತಡೆ ಸಂಶೋಧನೆಗೆ ಹಣ ಕೇಳುವ ಎಲ್ಲರೂ ಎಡವುವುದು ಇಲ್ಲೇ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು, ಕರ್ನಾಟಕದಲ್ಲಿ 13,606. ಓದುವಾಗ ಎದೆ ಒಡೆಯುವಷ್ಟು ದೊಡ್ಡ ಸಂಖ್ಯೆ. ಆದರೆ ಅದನ್ನೇ ಜನಸಂಖ್ಯೆಗೆ ಹಂಚಿ ನೋಡಿ, ರಾಜ್ಯದಲ್ಲಿ ಲಕ್ಷಕ್ಕೆ ಸುಮಾರು 20 ಆಗುತ್ತೆ. ಎರಡೂವರೆ ಲಕ್ಷ ಜನರ ಒಂದು ತಾಲ್ಲೂಕು ಅಂದರೆ ವರ್ಷಕ್ಕೆ ಸುಮಾರು 50 ಸಾವು. ಈಗ ನಾನು ಊರೆಲ್ಲ ಪೆಟ್ಟಿಗೆ ಹಂಚಿದೆ, ಮುಂದಿನ ವರ್ಷ 40 ಆಯಿತು ಅಂದುಕೊಳ್ಳಿ. ಹತ್ತು ಜೀವ ಉಳಿದವು ಅಂತ ನಾನು ಹೇಳಬಹುದಾ? ಆಗಲ್ಲ. ಏನೂ ಮಾಡದೇ ಇದ್ದರೂ 50 ಅನ್ನೋದು ಒಂದು ವರ್ಷ 40 ಆಗುತ್ತೆ, ಇನ್ನೊಂದು ವರ್ಷ 60 ಆಗುತ್ತೆ, ಅದು ಸಂಖ್ಯೆಗಳ ಸ್ವಭಾವ. ವ್ಯತ್ಯಾಸ ಖಚಿತ ಮಾಡಿಕೊಳ್ಳಬೇಕಾದರೆ ಎಷ್ಟೋ ತಾಲ್ಲೂಕು, ಎಷ್ಟೋ ವರ್ಷ ಬೇಕು. ನಾನು ಕೇಳಿದ ದುಡ್ಡಿಗೆ, ನಾನು ಆರಿಸಿದ ಊರುಗಳಿಗೆ, ಸಾವಿನ ಸಂಖ್ಯೆ ಇಳಿಯಿತೋ ಇಲ್ಲವೋ ಅಂತ ಹೇಳೋಕೆ ಸಾಧ್ಯವೇ ಇರಲಿಲ್ಲ.

ಎರಡನೆಯವರು ಬರೆದದ್ದು ಇನ್ನೂ ನೇರ. ಶ್ರೀಲಂಕಾದಲ್ಲಿ ಇದನ್ನೇ ಮಾಡಿ ನೋಡಿದ್ದಾರೆ, 180 ಹಳ್ಳಿಗಳಲ್ಲಿ, ಎರಡು ಲಕ್ಷಕ್ಕಿಂತ ಹೆಚ್ಚು ಜನರ ನಡುವೆ. ಅರ್ಧ ಹಳ್ಳಿಗಳ ಮನೆಗಳಿಗೆ ಬೀಗದ ಪೆಟ್ಟಿಗೆ ಕೊಟ್ಟು, ಇನ್ನರ್ಧಕ್ಕೆ ಕೊಡದೇ, ವರ್ಷಗಟ್ಟಲೆ ಲೆಕ್ಕ ಇಟ್ಟರು. 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು. ಪೆಟ್ಟಿಗೆಯಿಂದ ಪ್ರಯೋಜನ ಆಯಿತು ಅನ್ನೋಕೆ ಆಧಾರ ಸಿಗಲಿಲ್ಲ. ಆ ಪ್ರಬಂಧ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ನನಗೆ ಬೇಕಾದ ಭಾಗ ಓದಿ ಮುಂದೆ ಹೋಗಿದ್ದೆ. ಶ್ರೀಲಂಕಾದಲ್ಲಿ ನಿಜವಾಗಿ ಕೆಲಸ ಮಾಡಿದ್ದು ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ್ದು. 1995ರಿಂದ ಈಚೆಗೆ ಅಲ್ಲಿ ಆತ್ಮಹತ್ಯೆ ಪ್ರಮಾಣ ಶೇ. 70ರಷ್ಟು ಇಳಿದಿದೆ. ನಿಷೇಧ ಸರ್ಕಾರ ಮಾಡಬೇಕಾದ ಕೆಲಸ, ಅದಕ್ಕೆ ನಾನು ಗ್ರಾಂಟ್ ಕೇಳೋಕೆ ಆಗಲ್ಲ.

ಆ ರಾತ್ರಿ ನನಗೆ ಪದೇ ಪದೇ ನೆನಪಾಗಿದ್ದು ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ. ರಿವ್ಯೂವರ್ ಬರೆದದ್ದನ್ನು ಅವರು ಮುಂಚೆಯೇ ಹೇಳಿದ್ದರು. ಹಳ್ಳಿಯಲ್ಲಿ ಕೇಳಿದ ಪ್ರಶ್ನೆ ಪ್ರಪೋಸಲ್ಲಿಗೆ ಅಡ್ಡ ಬರುತ್ತೆ ಅಂತ ಅನಿಸಿದರೆ, ಅದನ್ನು ಬಿಟ್ಟು ಬರೆಯಬೇಡಿ. ಅದೇ ಪ್ರಶ್ನೆ ದೆಹಲಿಯಿಂದ ವಾಪಸ್ ಬರುತ್ತೆ, ಎಂಟು ತಿಂಗಳು ತಡವಾಗಿ.

ಮೊದಲ ಪ್ರಪೋಸಲ್ಲಿನಲ್ಲಿ ಇನ್ನೊಂದು ಭಾಗವೂ ಇತ್ತು, ತೀರಿಕೊಂಡವರ ಮನೆಯವರ ಜೊತೆ ಕೂತು ಹಿಂದಿನ ದಿನಗಳ ಬಗ್ಗೆ ವಿವರವಾಗಿ ಕೇಳೋದು. ಅದನ್ನು ನಾನೇ ಕೈಬಿಟ್ಟೆ. ರೈತರ ಆತ್ಮಹತ್ಯೆಗೆ ರಾಜ್ಯ ಸರ್ಕಾರ 5 ಲಕ್ಷ ಪರಿಹಾರ ಕೊಡುತ್ತೆ, ಅದು ಸಾಲದಿಂದಲೇ ಆದದ್ದಾ ಅಂತ ಎಸಿ, ಅಂದರೆ ಅಸಿಸ್ಟೆಂಟ್ ಕಮಿಷನರ್, ಕಡೆಯಿಂದ ತೀರ್ಮಾನ ಆಗಬೇಕು. ಫೈಲ್ ಇನ್ನೂ ಓಡಾಡುತ್ತಿರುವಾಗ ನಾವು ಹೋಗಿ "ಕುಡೀತಿದ್ರಾ? ಮನೆಯಲ್ಲಿ ಜಗಳ ಇತ್ತಾ?" ಅಂತ ಕೇಳಿದರೆ ಆ ಹೆಂಗಸಿಗೆ ಏನನಿಸಬೇಕು? ಒಬ್ಬರು ನನ್ನನ್ನು ಕೇಳಿಯೇಬಿಟ್ಟರು, "ನೀವು ಬರ್ಕೊಂಡಿದ್ದು ಎಸಿ ಆಫೀಸಿಗೆ ಹೋಯ್ತದಾ ಮೇಡಮ್ಮೋರೇ?" ಹೋಗಲ್ಲ ಅಂದೆ. ಅವರು ನಂಬಲಿಲ್ಲ, ನಂಬಬೇಕಾದ ಕಾರಣವೂ ಇರಲಿಲ್ಲ.

ಎರಡನೇ ಸಲ ಬರೆಯೋಕೆ ಕೂತಾಗ ಮತ್ತೆ ಆ ಡಿಸ್ಚಾರ್ಜ್ ಕಾರ್ಡಿಗೆ ಬಂದೆ. ಊರೆಲ್ಲ ಬೇಡ. ಒಂದು ಸಲ ಪ್ರಯತ್ನ ಮಾಡಿ ಬದುಕಿದವರು ನಮ್ಮ ಕಣ್ಣ ಮುಂದೆಯೇ ಇದ್ದಾರೆ, ಮತ್ತೆ ಹಾಗಾಗುವ ಅಪಾಯ ಅವರಿಗೇ ಜಾಸ್ತಿ, ಅದರಲ್ಲೂ ಆಸ್ಪತ್ರೆ ಬಿಟ್ಟ ಮೊದಲ ವಾರಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಗಿದೆ. ಐದು ಕಡೆ ಮಾಡಿದ್ದು, ಅದರಲ್ಲಿ ನಮ್ಮ ಚೆನ್ನೈ ಕೂಡ ಒಂದು. ಒಟ್ಟು 1,867 ಜನ. ಅರ್ಧ ಜನರಿಗೆ ಎಂದಿನ ಚಿಕಿತ್ಸೆ. ಇನ್ನರ್ಧಕ್ಕೆ ಅದರ ಜೊತೆ ಎರಡೇ ವಿಷಯ: ಮನೆಗೆ ಹೋಗುವ ಮುಂಚೆ ಒಂದು ಗಂಟೆ ಕೂತು ಮಾತು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನಿನಲ್ಲೋ ಮನೆಗೆ ಹೋಗಿಯೋ ವಿಚಾರಿಸೋದು. 1, 2, 4, 7, 11ನೇ ವಾರ, ಆಮೇಲೆ 4, 6, 12, 18ನೇ ತಿಂಗಳು. ಅಷ್ಟೇ. ಹದಿನೆಂಟು ತಿಂಗಳಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಎಂದಿನ ಚಿಕಿತ್ಸೆಯವರಲ್ಲಿ ಶೇ. 2.2, ಹೀಗೆ ವಿಚಾರಿಸಿಕೊಂಡವರಲ್ಲಿ ಶೇ. 0.2. ಅಂದರೆ ಸಾವಿರಕ್ಕೆ 22 ಇದ್ದದ್ದು 2.

ಹೊಸ ಔಷಧಿ ಇಲ್ಲ, ಯಂತ್ರ ಇಲ್ಲ. ಯಾರೋ ಒಬ್ಬರು ಮತ್ತೆ ಮತ್ತೆ ಬಂದು "ಹೇಗಿದ್ದೀಯಪ್ಪ, ಊಟ ಆಯ್ತಾ, ನಿದ್ದೆ ಬರ್ತಾ ಇದ್ಯಾ" ಅಂತ ಕೇಳೋದು, ಕಷ್ಟ ಇದ್ದರೆ ಯಾರ ಹತ್ತಿರ ಕಳಿಸಬೇಕೋ ಕಳಿಸೋದು.

ನನ್ನ ಪ್ರಶ್ನೆ ಚಿಕ್ಕದಾಯಿತು: ಇದನ್ನು ಮಂಡ್ಯದ ಹಳ್ಳಿಗಳಲ್ಲಿ, ಅದೇ ಜಿಲ್ಲೆಯ, ಪಿಯುಸಿಯೋ ಡಿಗ್ರಿಯೋ ಓದಿ ತರಬೇತಿ ಪಡೆದ ಹೆಣ್ಣುಮಕ್ಕಳು ಮಾಡಬಹುದಾ? ಒಂಬತ್ತರಲ್ಲಿ ಎಷ್ಟು ಸಲ ಸಿಗುತ್ತಾರೆ? ಸಿಗದೇ ಹೋದವರು ಯಾಕೆ ಸಿಗಲಿಲ್ಲ? ಸಾವಿನ ಸಂಖ್ಯೆ ಇಳಿಸುತ್ತೇನೆ ಅಂತ ಒಂದು ಸಾಲೂ ಬರೆಯಲಿಲ್ಲ. ಅಷ್ಟರಲ್ಲಿ, 2022ರ ನವೆಂಬರಿನಲ್ಲಿ, ಕೇಂದ್ರ ಸರ್ಕಾರದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ ಬಂದಿತ್ತು, 2030ರ ಹೊತ್ತಿಗೆ ಆತ್ಮಹತ್ಯೆ ಸಾವು ಶೇ. 10 ಇಳಿಸಬೇಕು ಅನ್ನೋದು ಅದರ ಗುರಿ. ಅದನ್ನು ಮೊದಲ ಪುಟದಲ್ಲೇ ಹಾಕಿದೆ. ಹಣ ಕೊಡುವವರಿಗೆ ಇದು ನಿಮ್ಮದೇ ಗುರಿ ಅಂತ ತೋರಿಸಿದರೆ ಓದುವ ರೀತಿ ಬದಲಾಗುತ್ತೆ.

ಈ ಸಲ ಮೊದಲು ಕಾನ್ಸೆಪ್ಟ್ ನೋಟ್, ಅಂದರೆ ಯೋಚನೆಯ ಚಿಕ್ಕ ಟಿಪ್ಪಣಿ, ಅದು ಪಾಸಾದ ಮೇಲೆ ಪೂರ್ತಿ ಪ್ರಪೋಸಲ್. ಇದರ ನಡುವೆ 2023ರ ಮಳೆಗಾಲ ಕೈಕೊಟ್ಟಿತು. ಕಾವೇರಿ ನೀರಿಗೆ ಮಂಡ್ಯದಲ್ಲಿ ಧರಣಿ, ಬಂದ್. ನಾಲೆಗೆ ನೀರು ಬಿಡ್ತಾರಾ ಇಲ್ವಾ ಅಂತ ನಮ್ಮಪ್ಪ ದಿನಾ ಟಿವಿ ಮುಂದೆ. ನಾನು ಒಳಗೆ ಕೂತು ಬಜೆಟ್ ಕೋಷ್ಟಕ ತುಂಬುತ್ತಿದ್ದೆ.

ಬಜೆಟ್ಟಿನ ವಿಷಯ ಹೇಳಲೇಬೇಕು. ಸಂಶೋಧನೆಯ ಬಜೆಟ್ಟಿನಲ್ಲಿ ಉಪಕರಣಕ್ಕೆ ಒಂದು ಕಾಲಂ ಇದೆ, ಕಂಪ್ಯೂಟರಿಗೆ, ಸ್ಟೇಷನರಿಗೆ, ಕಾನ್ಫರೆನ್ಸ್ ಪ್ರಯಾಣಕ್ಕೆ ಇದೆ. ಮನೆಗೆ ಹೋಗಿ ಮಾತಾಡಿಸುವುದಕ್ಕೆ ಇಲ್ಲ. ಅದನ್ನು ಸಿಬ್ಬಂದಿ ಸಂಬಳ, ಪ್ರಯಾಣ ಅಂತ ಒಡೆದು ಒಡೆದು ಬರೆಯಬೇಕು, ಒಡೆದ ಕೂಡಲೇ ಅದು ಕತ್ತರಿಸೋಕೆ ಸುಲಭ ಆಗುತ್ತೆ. ನಮ್ಮ ಕಡೆಯ ಲೆಕ್ಕಪತ್ರ ನೋಡುವವರು ಮೊದಲೇ ಕೇಳಿದರು, "ಒಂಬತ್ತು ಸಲ ಯಾಕೆ ಮೇಡಂ, ಮೂರು ಸಲ ಸಾಕಲ್ವಾ?" ಇನ್ನೊಂದು ಪ್ರಶ್ನೆ ಬಂತು: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ, ನಿಮ್ಮ ಕಾರ್ಯಕರ್ತೆಯರೆಲ್ಲ ಹೆಂಗಸರು, ಮತ್ತೆ ಪ್ರಯಾಣ ಭತ್ಯೆ ಯಾಕೆ? ಕೇಳಿದ್ದರಲ್ಲಿ ತಪ್ಪಿಲ್ಲ. ನಾನು ಅವರನ್ನು ಒಂದು ಶನಿವಾರ ಜೊತೆಗೆ ಕರೆದುಕೊಂಡು ಹೋದೆ. ಬಸ್ ನಮ್ಮನ್ನು ಕ್ರಾಸಿನಲ್ಲಿ ಇಳಿಸಿತು. ಅಲ್ಲಿಂದ ಊರಿಗೆ ಮೂರು ಕಿಲೋಮೀಟರ್, ಎರಡೂ ಕಡೆ ಕಬ್ಬು, ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಸಂಜೆ ಆರೂವರೆಗೆ ಈ ದಾರಿಯಲ್ಲಿ ಒಂದು ಹೆಣ್ಣುಮಗು ಒಬ್ಬಳೇ ನಡೆದು ಬರಬೇಕು ಸರ್ ಅಂದೆ. ಅವರು ಏನೂ ಮಾತಾಡಲಿಲ್ಲ. ಸೋಮವಾರ ಸ್ಕೂಟರ್ ಪೆಟ್ರೋಲಿನ ಸಾಲನ್ನು ಅವರೇ ಸೇರಿಸಿ ಕಳಿಸಿದರು.

ಅಧ್ಯಯನದಿಂದ ಯಾರಿಗೂ ಅನ್ಯಾಯ, ತೊಂದರೆ ಆಗದ ಹಾಗೆ ನೋಡುವ ಎಥಿಕ್ಸ್ ಕಮಿಟಿ ನನಗೆ ಬಹಳ ಕಲಿಸಿತು. ವೈದ್ಯರಲ್ಲದ ಸದಸ್ಯರೊಬ್ಬರು, ನಿವೃತ್ತ ಮೇಷ್ಟ್ರು, ನಿಧಾನವಾಗಿ ಕೇಳಿದರು. "ನಿಮ್ಮ ಹುಡುಗಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತೆ ಅಂತ ಇಟ್ಕೊಳ್ಳಿ. ಇನ್ನು ಆಗಲ್ಲ ಅಂತ ಆ ಕಡೆಯಿಂದ ಹೇಳ್ತಾರೆ. ಆಕೆ ಏನ್ ಮಾಡಬೇಕು? ಆಮೇಲೆ ಆಕೆಗೆ ನಿದ್ದೆ ಬರುತ್ತಾ?" ನಾವು ಭಾಗವಹಿಸುವವರ ಸುರಕ್ಷತೆ ಬಗ್ಗೆ ನಾಲ್ಕು ಪುಟ ಬರೆದಿದ್ದೆವು. ಕಾರ್ಯಕರ್ತೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಆಮೇಲೆ ಸೇರಿಸಿದೆವು: ಸರದಿ ಮೇಲೆ ಒಬ್ಬ ಸೈಕಿಯಾಟ್ರಿಸ್ಟ್ ಯಾವಾಗಲೂ ಫೋನಿಗೆ ಸಿಗಬೇಕು, ಕಾರ್ಯಕರ್ತೆ ಒಬ್ಬಳೇ ಏನನ್ನೂ ನಿರ್ಧಾರ ಮಾಡುವ ಪರಿಸ್ಥಿತಿ ಬರಬಾರದು, ಹದಿನೈದು ದಿನಕ್ಕೊಮ್ಮೆ ಅವರೆಲ್ಲ ಸೇರಿ ತಮ್ಮ ಮನಸ್ಸಿನ ಭಾರ ಹೇಳಿಕೊಳ್ಳೋಕೆ ಒಂದು ಸಂಜೆ. ಪ್ರತಿಯೊಬ್ಬರಿಗೆ ಕೊಡುವ ಕಾರ್ಡಿನ ಮೇಲೆ ಟೆಲಿ ಮಾನಸ್ ನಂಬರ್ 14416 ದೊಡ್ಡದಾಗಿ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಇರುತ್ತೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಒಪ್ಪಿಗೆ ಪತ್ರ ಇನ್ನೊಂದು ಪಾಠ. ನಾವು ಮಾಡಿದ ಅನುವಾದದ ತಲೆಬರಹ ಎರಡು ಸಾಲು ಉದ್ದ, ಅದರಲ್ಲಿ "ಆತ್ಮಹತ್ಯಾ ಯತ್ನ" ಅನ್ನೋ ಪದ ಎರಡು ಸಲ. ವಾರ್ಡಿನಲ್ಲಿ ಒಬ್ಬ ತಾಯಿಗೆ ಓದಿ ತೋರಿಸಿದಾಗ ಅವರು ಕೈಯಿಂದ ಆ ಸಾಲು ಮುಚ್ಚಿಕೊಂಡರು, ಅಕ್ಷರದ ಮೇಲೆ ಬೆರಳು ಇಟ್ಟು. "ಇದನ್ನ ಮನೆಗೆ ತಗಂಡೋದ್ರೆ ಸೊಸೆ ಕಡೆಯೋರು ನೋಡ್ತಾರೆ. ಕೇಸ್ ಆಯ್ತದೆ ಅಂತಾರೆ." ಕೇಸಿನ ಭಯ ಇವತ್ತಿಗೂ ಹೋಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡೋ ಹಾಗಿಲ್ಲ, ಅವರನ್ನು ನೋಡಿಕೊಳ್ಳೋದು ಸರ್ಕಾರದ ಕರ್ತವ್ಯ. ಆತ್ಮಹತ್ಯೆ ಪ್ರಯತ್ನ ಅಪರಾಧ ಅಂತಿದ್ದ ಹಳೇ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆದರೆ ಆಸ್ಪತ್ರೆಯಿಂದ ಪೊಲೀಸರಿಗೆ ಮಾಹಿತಿ ಹೋಗುತ್ತೆ, ಖಾಕಿ ಬಟ್ಟೆ ವಾರ್ಡಿಗೆ ಬಂದ ಮೇಲೆ ಯಾವ ಕಲಂ ಹೇಳಿದರೂ ಮನೆಯವರ ಕಿವಿಗೆ ಬೀಳಲ್ಲ. "ತಪ್ಪಿ ಕುಡಿದದ್ದು" ಅಂತಲೇ ಬರೆಸುತ್ತಾರೆ. ನಾವು ಜನರಿಗೆ ಕೊಡುವ ಪತ್ರದ ತಲೆಬರಹ ಬದಲಾಯಿಸಿದೆವು: "ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ವಿಚಾರಿಸಿಕೊಳ್ಳುವ ಕಾರ್ಯಕ್ರಮ." ಒಳಗೆ ಎಲ್ಲ ವಿವರವೂ ಇದೆ, ಏನನ್ನೂ ಮುಚ್ಚಿಟ್ಟಿಲ್ಲ. ಬಾಯಲ್ಲಿ ಎಲ್ಲ ಹೇಳುತ್ತೇವೆ. ಮನೆಗೆ ಹೋಗುವ ಕಾಗದದ ತಲೆ ಮೇಲೆ ಮಾತ್ರ ಆ ಪದ ಇಲ್ಲ. ಕಮಿಟಿ ಅದನ್ನು ಒಪ್ಪಿತು.

ಪ್ರೆಸೆಂಟೇಶನ್ ಆನ್‌ಲೈನ್. ಹತ್ತು ನಿಮಿಷ ಮಾತು, ಆಮೇಲೆ ಪ್ರಶ್ನೆ. ಕಂಟ್ರೋಲ್ ಗುಂಪು, ಅಂದರೆ ಹೋಲಿಸಿ ನೋಡೋಕೆ ವಿಚಾರಿಸದೇ ಬಿಡುವ ಗುಂಪು, ಯಾಕಿಲ್ಲ ಅಂತ ಮೊದಲ ಪ್ರಶ್ನೆ. ವಿಚಾರಿಸಿಕೊಂಡರೆ ಒಳ್ಳೆಯದಾಗುತ್ತೆ ಅಂತ ತೋರಿಸಿದ ಮೇಲೆ ಅರ್ಧ ಜನರನ್ನು ಹಾಗೇ ಬಿಡೋಕೆ ನನಗೆ ಮನಸ್ಸಿಲ್ಲ, ನನ್ನ ಪ್ರಶ್ನೆ ಇದು ನಮ್ಮಲ್ಲಿ ನಡೆಯುತ್ತಾ ಅನ್ನೋದು ಅಂದೆ. ಅದು ದಾಟಿತು. ಆಮೇಲೆ ನಿಜವಾದ ಮಾತು ಬಂತು. ಮೂರು ವರ್ಷ ಕೇಳಿದ್ದೀರಿ, ಎರಡು ವರ್ಷಕ್ಕೆ ಇಳಿಸಿ, ಬಜೆಟ್ ಕೂಡ ಅದೇ ಪ್ರಮಾಣದಲ್ಲಿ.

ಇಲ್ಲಿ ನಾನು ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿಟ್ಟುಕೊಂಡಿದ್ದು ಉಪಯೋಗಕ್ಕೆ ಬಂತು. ಸಿಬ್ಬಂದಿ ನೇಮಕ, ತರಬೇತಿ, ನೋಂದಣಿಗೆ ಆರು ತಿಂಗಳು. ಜನರನ್ನು ಸೇರಿಸಿಕೊಳ್ಳೋಕೆ ಹನ್ನೆರಡು ತಿಂಗಳು. ಕೊನೆಯಲ್ಲಿ ಸೇರಿದವರ ಒಂಬತ್ತನೇ ಭೇಟಿ ಆಗಬೇಕಾದರೆ ಅಲ್ಲಿಂದ ಹದಿನೆಂಟು ತಿಂಗಳು. ಒಟ್ಟು 36. ಎರಡೇ ವರ್ಷ ಅಂದರೆ ಕೊನೆಗೆ ಸೇರಿದವರಿಗೆ ಆರು ತಿಂಗಳಷ್ಟೇ ಉಳಿಯುತ್ತೆ, ಏಳು ಭೇಟಿ ಆಗುತ್ತೆ, ಎಂಟನೆಯದು ಒಂಬತ್ತನೆಯದು ಹೋಯಿತು. ಬರ್ತೀನಿ ಅಂತ ಹೇಳಿ ಬಾರದೇ ಇರೋದು, ಈ ಕೆಲಸದಲ್ಲಿ ಅದಕ್ಕಿಂತ ಕೆಟ್ಟದ್ದು ಇಲ್ಲ. ಅವರ ಜೀವನದಲ್ಲಿ ಹಾಗೆ ಮಾಡಿದವರು ಮೊದಲೇ ಬಹಳ ಜನ ಇರುತ್ತಾರೆ.

ನಾನು ಹೇಳಿದೆ, ಜನರನ್ನು ಕಡಿಮೆ ಮಾಡಿ, ಭೇಟಿ ಕಡಿಮೆ ಮಾಡಬೇಡಿ. ಸೇರಿಸಿಕೊಳ್ಳುವ ಅವಧಿ ಹನ್ನೆರಡರಿಂದ ಆರು ತಿಂಗಳಿಗೆ ಇಳಿಸುತ್ತೇನೆ, ಒಟ್ಟು ಮೂವತ್ತು ತಿಂಗಳು ಕೊಡಿ. ಟ್ಯಾಬ್ಲೆಟ್ ಬೇಡ, ಕಾಗದದಲ್ಲೇ ಬರೆಯುತ್ತೇವೆ. ಕಾನ್ಫರೆನ್ಸ್ ಪ್ರಯಾಣ ತೆಗೆಯಿರಿ. ದುಬಾರಿ ಸಾಫ್ಟ್‌ವೇರ್ ತೆಗೆಯಿರಿ. ಆ ಕಡೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, ದನಿಯಲ್ಲೇ ಗೊತ್ತಾಯಿತು ವಯಸ್ಸಾದವರು ಅಂತ, "ಆಕೆ ಹೇಳ್ತಿರೋದು ಸರಿ" ಅಂದರು. ಅವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಮನಸ್ಸಿನಲ್ಲೇ ಕೈಮುಗಿದೆ.

ಮಂಜೂರಾತಿ ಪತ್ರ 2024ರಲ್ಲಿ ಬಂತು. ಪತ್ರ ಬಂದ ದಿನಕ್ಕೂ ಹಣ ಬಂದ ದಿನಕ್ಕೂ ನಡುವೆ ತಿಂಗಳುಗಳೇ ಕಳೆದವು: ಪ್ರತ್ಯೇಕ ಖಾತೆ, ನೇಮಕಾತಿ ಪ್ರಕಟಣೆ, ಸಂದರ್ಶನ, ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಮೊದಲ ವ್ಯಕ್ತಿ ಸೇರುವ ಮುಂಚೆಯೇ ನೋಂದಣಿ. ಒಂದೇ ಮಾತು ಹೇಳುತ್ತೇನೆ, ಕೊಟ್ಟ ಹಣ ಹೇಗೆ ಖರ್ಚಾಯಿತು ಅಂತ ತೋರಿಸುವ ಬಳಕೆ ಪ್ರಮಾಣಪತ್ರವನ್ನು ವರ್ಷದ ಕೊನೆಗೆ ಬಿಡಬೇಡಿ, ಪ್ರತಿ ತಿಂಗಳ ಬಿಲ್ಲು ಆ ತಿಂಗಳೇ ಲೆಕ್ಕಕ್ಕೆ ಹಾಕಿ. ಅದು ತಡವಾದರೆ ಮುಂದಿನ ಕಂತು ತಡ, ಕಂತು ತಡವಾದರೆ ಕಾರ್ಯಕರ್ತೆಯ ಸಂಬಳ ತಡ. ನಮ್ಮಲ್ಲಿ ಒಮ್ಮೆ ಎರಡು ತಿಂಗಳು ಹಾಗಾಯಿತು. ಆ ಹುಡುಗಿಯರು ಒಂದು ಭೇಟಿಯನ್ನೂ ಬಿಡಲಿಲ್ಲ, ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆ, ಹೆಮ್ಮೆ ಎರಡೂ.

ಹಳ್ಳಿಯಲ್ಲಿ ಕೆಲಸ ಶುರುವಾದ ಮೇಲೆ ಕಲಿತದ್ದೇ ಬೇರೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಫೋನ್ ಮಾಡಬಾರದು, ಡೇರಿಗೆ ಹಾಲು ಹಾಕುವ ಹೊತ್ತು. ಮನೆಗೆ ಇರುವ ಒಂದು ಫೋನ್ ಮಗನ ಕೈಯಲ್ಲಿ ಇರುತ್ತೆ, ಹಾಗಾಗಿ ಮೊದಲ ದಿನವೇ ಪಕ್ಕದ ಮನೆಯದಲ್ಲ, ತವರಿನ ಒಂದು ನಂಬರ್ ಇಸಿದುಕೊಳ್ಳಬೇಕು. ಪ್ರಾಜೆಕ್ಟಿನ ಹೆಸರು ಬರೆದ ಬ್ಯಾಗ್ ಹಿಡಿದು ಹೋಗಬಾರದು. ಎರಡನೇ ವಾರ ಮುಖ ತಿರುಗಿಸಿಕೊಂಡು ಕೂತವರು ಏಳನೇ ವಾರಕ್ಕೆ ಮಾತಾಡುತ್ತಾರೆ, ಅದಕ್ಕಿಂತ ಮುಂಚೆ ಮಾತಾಡಿಸೋಕೆ ಅವಸರ ಮಾಡಬಾರದು. ಎಷ್ಟೋ ಮನೆಗಳಲ್ಲಿ ಮಾತಾಡೋಕೆ ಕಾದಿರುವವರು ಆಸ್ಪತ್ರೆಗೆ ಬಂದವರಲ್ಲ, ಅವರ ಅಮ್ಮ, ಅವರ ಹೆಂಡತಿ. ಅವರನ್ನು ಯಾರೂ ಕೇಳಿರುವುದೇ ಇಲ್ಲ.

ನಾವು ಕೊಡುವ ಕಾರ್ಡಿನಲ್ಲಿ ಒಂಬತ್ತು ಚೌಕ ಇವೆ, ಒಂದೊಂದು ಭೇಟಿಗೆ ಒಂದೊಂದು ತಾರೀಖು. ಶುರುವಿನಲ್ಲಿ ಸೇರಿದ ಒಬ್ಬ ಹುಡುಗನ ಮನೆಗೆ ಕಾರ್ಯಕರ್ತೆ ಒಂಬತ್ತನೇ ಸಲ ಹೋಗಿ ಬಂದು ನನಗೆ ಫೋನ್ ಮಾಡಿದಳು. ಹುಡುಗ ಮನೆಯಲ್ಲಿ ಇರಲಿಲ್ಲ, ಆಲೆಮನೆಗೆ ಕೆಲಸಕ್ಕೆ ಹೋಗಿದ್ದ. ಅವರಮ್ಮ ಕೂರಿಸಿ, ಮಗನಿಗೆ ಹೇಳಿ ಕಳಿಸಿ, ಅವನು ಬರುವ ತನಕ ಒಂದು ತುಂಡು ಬೆಲ್ಲ, ನೀರು ಕೊಟ್ಟು ಮಾತಾಡಿಸಿದರಂತೆ. ಕಾರ್ಡನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೇ ಇಟ್ಟಿದ್ದರಂತೆ. ಹುಡುಗ ಬಂದ, ಕೈಯೆಲ್ಲ ಪಾಕ ಅಂಟಿತ್ತು, ಅರ್ಧ ಗಂಟೆ ಕೂತ. ಕೊನೇ ಚೌಕಕ್ಕೆ ಟಿಕ್ ಹಾಕಿದ ಮೇಲೆ ಅವರಮ್ಮ ಕಾರ್ಡನ್ನು ತಿರುಗಿಸಿ ನೋಡಿ ಕೇಳಿದರಂತೆ, "ಮುಂದಿನ್ದು ಯಾವಾಗವ್ವ?"

ಒಂಬತ್ತರ ನಂತರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಮುಂದುವರಿಸಬೇಕು ಅಂತ ನಾನು ಪತ್ರ ಬರೆದಿದ್ದೆ, ಬಂದು ಮಾತಾಡಿ ಅಂತ ಉತ್ತರ ಬಂದಿತ್ತು. ಇನ್ನೂ ಏನೂ ತೀರ್ಮಾನ ಆಗಿರಲಿಲ್ಲ. ಅದು ಅವಳಿಗೂ ಗೊತ್ತು.

"ಹತ್ತನೇ ಚೌಕ ಇಲ್ಲ ಮೇಡಂ. ಹಿಂದುಗಡೆ ಪೆನ್ನಲ್ಲಿ ಬರೆದು ಬಂದಿದ್ದೀನಿ, ಯುಗಾದಿ ಆದ ಮೇಲೆ ಬರ್ತೀನಿ ಅಂತ. ಪೆಟ್ರೋಲ್ ನನ್ನದೇ. ಸರಿ ತಾನೇ?"

ಸರಿ ಕಣಮ್ಮ, ಬಿಲ್ ನನಗೆ ಕೊಡು ಅಂದೆ.